ಹೆಸರಿನ ಮುಂದಿನ ಅಂಕಿ

ತಪ್ಪು ನನ್ನದೇ ಎಂದು ಹೇಳಿಬಿಟ್ಟ ಮೇಲೆ ಅವಳಿಗೆ ಸ್ವಲ್ಪ ಹೊತ್ತು ಹಾಯೆನಿಸಿತ್ತು. ಬಿಗಿಯಾದ ಚಪ್ಪಲಿ ಬಿಚ್ಚಿದಂಥ ಹಾಯಿ. ಮೀಟಿಂಗ್ ರೂಮಿನಿಂದ ಹೊರಬಿದ್ದು, ಮುಖ ತೊಳೆಯುವ ನೆಪದಲ್ಲಿ ಹೆಂಗಸರ ಬಚ್ಚಲಿಗೆ ಬಂದು, ನಲ್ಲಿ ತಿರುಗಿಸಿ, ನೀರು ಬೆರಳ ಸಂದಿನಿಂದ ಇಳಿದುಹೋಗುವುದನ್ನು ನೋಡುತ್ತ ನಿಂತಾಗಲೂ ಅದು ಇತ್ತು. ಕನ್ನಡಿಯಲ್ಲಿ ಕಂಡ ಹೆಂಗಸಿನ ಬಾಯಿ ಇನ್ನೂ ಅರ್ಧ ನಗುತ್ತಿತ್ತು. ತಪ್ಪೊಪ್ಪಿಕೊಂಡವರು, ಎದುರಿನವರಿಗೆ ಮುಜುಗರ ಆಗದಿರಲಿ ಎಂದು ನಗುವ ನಗು. ಅದನ್ನು ಅವಳು ಬೆಳಿಗ್ಗೆಯೂ ನಕ್ಕಿದ್ದಳು. ಒಲೆಯ ಮೇಲೆ ಹಾಲಿಟ್ಟು ಮರೆತವನು ಗಂಡ. ಉಕ್ಕಿ ಕಟ್ಟೆಯಿಂದ ನೆಲಕ್ಕಿಳಿದ ವಾಸನೆ ಸ್ನಾನದ ಮನೆಗೆ ಬಂದಾಗ, ಮೈತುಂಬ ಸೋಪಿನಲ್ಲಿದ್ದವಳು ಒಳಗಿಂದಲೇ "ಅಯ್ಯೋ, ನಾನು ನೋಡ್ಬೇಕಿತ್ತು" ಎಂದು ಕೂಗಿದ್ದಳು. ಗಂಡ "ಇರಲಿ ಬಿಡು" ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿಯೂ ಬಿಟ್ಟಿದ್ದ. ಆಮೇಲೆ ಬಟ್ಟೆ ತೆಗೆದುಕೊಂಡು ನೆಲ ಒರೆಸುವಾಗ, ಕ್ಷಮಿಸಿದ್ದು ಯಾರನ್ನು, ಯಾಕೆ ಎಂದು ಕೇಳಬೇಕೆನ್ನಿಸಿದರೂ, ಅಷ್ಟರಲ್ಲಿ ಅವನು ಶೂ ಹಾಕಿಕೊಳ್ಳುತ್ತಿದ್ದ.

ಅವಳ ಆಫೀಸು ಮಾಡುತ್ತಿದ್ದದ್ದು ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ರೋಗಿಯ ನರಕ್ಕೆ ಔಷಧಿಯನ್ನು ಹನಿಹನಿಯಾಗಿ ಬಿಡುವ ಯಂತ್ರದ ಕರ್ನಲ್. ಯಂತ್ರದ ಒಳಗೆ ಸದಾ ಎಚ್ಚರವಿದ್ದು, ಯಾರು ಯಾವಾಗ ಕೆಲಸ ಮಾಡಬೇಕು, ಯಾರು ಕಾಯಬೇಕು ಎಂದು ಹೇಳುವ ಮೂಲ ಪ್ರೋಗ್ರಾಂ ಅದು. ಅದರೊಳಗೆ ಸಾವಿರಾರು ಫಂಕ್ಷನ್‌ಗಳು, ಒಂದೊಂದಕ್ಕೂ ಒಂದೊಂದು ಸಣ್ಣ ಕೆಲಸ. ಹನಿ ಎಣಿಸುವ ಫಂಕ್ಷನ್ ಅವಳದು. ಬಂದ ಹನಿಗೆ ಒಂದು ಕೂಡಿಸಿ, ಹಿಂದಿನ ಹನಿಯಿಂದ ಎಷ್ಟು ಹೊತ್ತಾಯಿತೆಂದು ನೋಡಿ, ಹೆಚ್ಚಾಗಿದ್ದರೆ ಮೇಲಿನವರಿಗೆ ತಿಳಿಸುವುದು, ಅಷ್ಟೆ. ನಿನ್ನೆ ಪರೀಕ್ಷೆಯ ಕೋಣೆಯಲ್ಲಿ ಯಂತ್ರ ಹನಿ ಬಿಡುತ್ತ ಬಿಡುತ್ತ ಇದ್ದಕ್ಕಿದ್ದಂತೆ ನಿಂತು, ಸಾಯುವ ಮುನ್ನ ಒಂದಿಷ್ಟು ಸಾಲು ಬರೆದು ಆರಿಹೋಗಿತ್ತು. ಆ ಸಾಲುಗಳನ್ನೇ ಈ ಬೆಳಿಗ್ಗೆ ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟಿದ್ದರು. ಎಲ್ಲಕ್ಕಿಂತ ಮೇಲೆ, ಯಂತ್ರ ಕೆಟ್ಟು ಬಿದ್ದ ಜಾಗವೆಂದು, ಅವಳ ಫಂಕ್ಷನ್ನಿನ ಹೆಸರು. ಒಂದೊಂದು ಅಕ್ಷರವೂ ಅಂಗೈಯಗಲ. ಕುರ್ಚಿಗಳು ಕಿರುಗುಟ್ಟಿದವು, ತಲೆಗಳು ಅವಳ ಕಡೆ ತಿರುಗಿದವು. "ನೋಡಿ, ಹೆಸರು ಸಮೇತ ಸಿಕ್ಕಿಬಿದ್ದಿದೆ. ನಮ್ ಮೇಡಂದು" ಎಂದ ಟೆಸ್ಟಿಂಗಿನವನು. ಅವನಿಗೆ ಯಾವುದೂ ತಮಾಷೆಯೇ. ಯಂತ್ರ ಕೆಟ್ಟ ದಿನ ಅವನ ಮುಖ ಅರಳುತ್ತಿತ್ತು.

ಅವಳು ಎದ್ದು ನಿಂತಿದ್ದಳು. ಯಾರೂ ನಿಲ್ಲಲು ಹೇಳಿರಲಿಲ್ಲ. "ಕ್ಷಮಿಸಿ, ನನ್ನದೇ ತಪ್ಪು. ಸಂಜೆಯೊಳಗೆ ಸರಿಮಾಡ್ತೀನಿ." ದೊಡ್ಡೋರು ತಲೆದೂಗಿದ. ದೊಡ್ಡೋರು ಎನ್ನುವುದು ಆ ತಂಡದ ಮುಖ್ಯಸ್ಥನಿಗೆ ಬಿದ್ದ ಅಡ್ಡಹೆಸರು. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಚಿಕ್ಕವನು, ಆದರೆ ಸೇರಿದ ದಿನದಿಂದಲೂ ಕೈ ಹಿಂದೆ ಕಟ್ಟಿಕೊಂಡು ಮೇಜುಗಳ ನಡುವೆ ಓಡಾಡುತ್ತಿದ್ದ. "ಒಳ್ಳೇದು ಮೇಡಂ, ಒಪ್ಕೊಳ್ಳೋರು ಇದ್ರೆ ಕೆಲಸ ಬೇಗ ಆಗುತ್ತೆ. ಈ ವಾರ ಯಂತ್ರ ಹೊರಗೆ ಹೋಗ್ಬೇಕು. ಸಂಜೆ ಒಳಗೆ ಆಗ್ಲಿಲ್ಲ ಅಂದ್ರೆ ಸಂಕೋಚ ಬೇಡ, ನೀವು ಸ್ವಲ್ಪ ದಿನ ಕೈಪಿಡಿ ಬರೆಯೋ ಕಡೆ ಹೋಗಿ. ಕರ್ನಲ್ಲು ಎಲ್ಲಾ ವಯಸ್ಸಿಗೂ ಅಲ್ಲ. ರೆಸ್ಟೂ ಆದಂಗಾಯ್ತು." ಎಷ್ಟು ಮೆತ್ತಗೆ ಹೇಳಿದನೆಂದರೆ ಅವಳು "ಥ್ಯಾಂಕ್ಸ್" ಎಂದಳು. ಥ್ಯಾಂಕ್ಸ್! ಈಗ ನಲ್ಲಿಯ ಮುಂದೆ ಆ ಮಾತು ನೆನಪಾದದ್ದೇ ಕಿವಿಯ ತುದಿ ಕಾವೇರಿತು. ಕೈಪಿಡಿ ಬರೆಯುವವರು ಕೂರುವುದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಅಲ್ಲಿಗೆ ಸ್ವಲ್ಪ ದಿನ ಎಂದು ಹೋದವರು ಯಾರೂ ಮೇಲೆ ಬಂದದ್ದನ್ನು ಅವಳು ಕಂಡಿರಲಿಲ್ಲ. ಹೆರಿಗೆ ಮುಗಿಸಿಕೊಂಡು ಬಂದಾಗ ಒಮ್ಮೆ, ಅತ್ತೆಯ ಕಾಲು ಮುರಿದಾಗ ಒಮ್ಮೆ, ಹೀಗೇ ಮೆತ್ತಗಿನ ಮಾತಿನಲ್ಲಿ ಬೇರೆ ಬೇರೆ ಕೋಣೆಗಳಿಗೆ ಕಳಿಸಲ್ಪಟ್ಟವಳು ಕಷ್ಟಪಟ್ಟು ಇಲ್ಲಿಯವರೆಗೆ ಏರಿ ಬಂದಿದ್ದಳು. ಇನ್ನೊಮ್ಮೆ ಇಳಿದರೆ ಏರುವ ವಯಸ್ಸು ಇದಲ್ಲ, ಅದು ಮಾತ್ರ ನಿಜ.

"ಅಕ್ಕಾ, ಒಳಗಿದೀರಾ?" ಪುಟ್ಟಿಯ ದನಿ. ಪುಟ್ಟಿ ಎಂದರೆ ಇಡೀ ಮಹಡಿಯಲ್ಲಿ ಎಲ್ಲರಿಗಿಂತ ಎತ್ತರದ ಹುಡುಗಿ. ಬಾಗಿಲ ಚೌಕಟ್ಟು ಕಂಡಲ್ಲೆಲ್ಲ ರೂಢಿಯಿಂದ ತಲೆ ತಗ್ಗಿಸುತ್ತಿದ್ದಳು. ಈಚೆಗೆ ಸೇರಿದವಳು, ಇನ್ನೂ ಕಾಯಂ ಆಗಿರಲಿಲ್ಲ. "ನೋಡ್ದೇನೇ ಒಪ್ಕೊಂಡುಬಿಟ್ರಲ್ಲ ಅಕ್ಕ! ಯಾರೋ ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಕೊಂಡ್ರಿ?"

"ಹೆಸರು ನನ್ನದೇ ಇತ್ತಲ್ಲೇ."

"ಇದ್ರೆ? ನನ್ ಕೇಳಿದ್ರೆ ನಿಮ್ ಫಂಕ್ಷನ್ ಬೀಳಲ್ಲ ಅಂತ ಬರೆದುಕೊಡ್ತೀನಿ. ಅಷ್ಟು ಚಿಕ್ಕದು, ಬೀಳೋಕೆ ಜಾಗಾನೇ ಇಲ್ಲ ಅದ್ರಲ್ಲಿ."

ನಗು ಬಂತು. ಮೇಜಿಗೆ ಮರಳಿ ಫಂಕ್ಷನ್ ತೆರೆದಳು. ಪರದೆಯನ್ನು ಸರಿಸುವ ಅಗತ್ಯವಿಲ್ಲದೆ ಒಂದೇ ನೋಟಕ್ಕೆ ಪೂರ್ತಿ ಕಾಣುವಷ್ಟು. ಬರೆದಾಗ ಅವಳಿಗೆ ಅದರ ಬಗ್ಗೆ ಗುಟ್ಟಾದ ಹೆಮ್ಮೆಯಿತ್ತು. ಚೆನ್ನಾಗಿ ಮಡಿಸಿಟ್ಟ ಕರವಸ್ತ್ರದ ಹಾಗೆ. ಈಗ ಅದೇ ಸಾಲುಗಳನ್ನು ಅಪರಾಧಿಯ ಜೇಬು ತಡಕುವವರ ಹಾಗೆ ಓದಿದಳು. ಇಲ್ಲಿ ಭಾಗಾಕಾರವಿಲ್ಲ, ಸೊನ್ನೆಯಿಂದ ಭಾಗಿಸಿ ಬೀಳಲು. ಇಲ್ಲಿ ಬೇರೆಯವರ ಜಾಗ ಮುಟ್ಟುವುದಿಲ್ಲ. ಮತ್ತೆ ಓದಿದಳು. ಎಷ್ಟು ಓದಿದರೂ ತಪ್ಪು ಸಿಗದೆ ಹೋದಂತೆ ಸಮಾಧಾನವಾಗುವ ಬದಲು ಗಾಬರಿ ಹೆಚ್ಚಿತು. ಒಪ್ಪಿಕೊಂಡಾಗಿದೆ, ಈಗ ತಪ್ಪು ಸಿಗಲೇಬೇಕು. ಅತ್ತೆ ಒಮ್ಮೆ ತನ್ನ ಕನ್ನಡಕ ಕಾಣುತ್ತಿಲ್ಲವೆಂದು ಗೊಣಗಿದಾಗ, ತಾನು ಮುಟ್ಟಿರದಿದ್ದರೂ ತನ್ನ ಬೀರು, ತನ್ನ ಚೀಲ, ತನ್ನ ದಿಂಬಿನ ಕೆಳಗೆ ಹುಡುಕಿದ್ದಳಲ್ಲ, ಹಾಗೆ. ಅತ್ತೆಯ ಕನ್ನಡಕ ಅತ್ತೆಯ ತಲೆಯ ಮೇಲೇ ಇತ್ತು. ಕಡೆಗೆ ಅವಳ ಬೆರಳುಗಳು ತಾವಾಗಿ ಒಂದು ತಪಾಸಣೆಯ ಸಾಲನ್ನು ಸೇರಿಸಿದವು. ಹನಿಯ ಲೆಕ್ಕ ಖಾಲಿಯಾಗಿದ್ದರೆ ಹಿಂದೆ ಹೋಗು, ಎಂದು. ಖಾಲಿಯಾಗುವ ಸಂದರ್ಭವೇ ಇಲ್ಲ. ಆದರೆ ಏನೋ ಮಾಡಿದ ಹಾಗೆ ಕಾಣುತ್ತದೆ. ಜೊತೆಗೆ ಹೀಗೆ ಒಂದು ಸಾಲು ಸೇರಿದಾಗ ಒಳಗಿನ ಜಾಗಗಳೆಲ್ಲ ಒಂದಿಷ್ಟು ಸರಿದು, ಎಷ್ಟೋ ಸಲ ಬೀಳುವ ಯಂತ್ರ ಸ್ವಲ್ಪ ಕಾಲ ಬೀಳದೆ ಇರುತ್ತದೆ ಎನ್ನುವುದು ಈ ಕಸುಬಿನವರಿಗೆಲ್ಲ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಸಂಜೆಯ ಪರೀಕ್ಷೆ ದಾಟಬಹುದು. ದಾಟಿದರೆ ಕೈಪಿಡಿಯ ಕೋಣೆ ತಪ್ಪಿತು. ಆಮೇಲೆ? ಆಮೇಲೆ ಎಲ್ಲೋ, ಯಾವುದೋ ವಾರ್ಡಿನಲ್ಲಿ, ಯಾರದೋ ತಾಯಿಯ ಕೈಗೆ ಸೂಜಿ ಚುಚ್ಚಿದ್ದಾಗ. ಅವಳು ಅಷ್ಟು ದೂರ ಯೋಚಿಸದೆ ಸಾಲನ್ನು ಉಳಿಸಿದಳು. ಬೆನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು.

ಯಾರೂ ಇರಲಿಲ್ಲ. ಏನು ಸರಿಮಾಡಿದೆ ಎಂದು ಟಿಪ್ಪಣಿ ಬರೆಯಬೇಕಿತ್ತು. ಅದಕ್ಕೆ ಅಂಟಿಸಲೆಂದು ಯಂತ್ರದ ಕೊನೆಯ ಸಾಲುಗಳನ್ನು ಮತ್ತೆ ತೆರೆದಳು. ಬೆಳಿಗ್ಗೆ ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಕಂಡದ್ದು ಈಗ ಇರುವೆ ಸಾಲಿನಷ್ಟು ಚಿಕ್ಕದಾಗಿತ್ತು. ಹೆಸರು, ಅದರ ಮುಂದೆ ಒಂದು ಅಂಕಿ, ಒಂದು ಓರೆಗೆರೆ, ಇನ್ನೊಂದು ಅಂಕಿ. ಮೊದಲನೆಯದು, ಫಂಕ್ಷನ್ನಿನ ಒಳಗೆ ಎಷ್ಟು ದೂರ ಹೋದ ಮೇಲೆ ಬಿದ್ದದ್ದು. ಎರಡನೆಯದು, ಆ ಫಂಕ್ಷನ್ ಒಟ್ಟು ಎಷ್ಟು ಉದ್ದ. ಬೆಳಿಗ್ಗೆ ಅವಳು ಅಂಕಿಯನ್ನು ನೋಡಿರಲೇ ಇಲ್ಲ. ಹೆಸರು ಕಂಡ ಕೂಡಲೇ ಎದ್ದು ನಿಂತಿದ್ದಳು. ಈಗ ನೋಡಿದಳು; ಕನ್ನಡಕ ತೆಗೆದು ಸೆರಗಿಗೆ ಒರೆಸಿ ಹಾಕಿಕೊಂಡು ಮತ್ತೊಮ್ಮೆ ನೋಡಿದಳು. ಅಂಕಿ ಬಹಳ ದೊಡ್ಡದಿತ್ತು. ಅವಳ ಕರವಸ್ತ್ರದಂಥ ಫಂಕ್ಷನ್ನಿಗೆ ಕಂಬಳಿಯ ಉದ್ದ ಹೇಳುತ್ತಿತ್ತು ಯಂತ್ರ. ಬಿದ್ದದ್ದೋ, ಕರವಸ್ತ್ರದ ಅಂಚು ದಾಟಿ ಎಷ್ಟೋ ಆಚೆ.

ಕರ್ನಲ್ ಕಟ್ಟುವ ಕೊನೆಯ ಹಂತ ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ. ಯಂತ್ರಕ್ಕೆ ಹೆಸರು ಬೇಡ, ಯಾವ ಫಂಕ್ಷನ್ ಎಲ್ಲಿ ಕೂತಿದೆಯೆಂಬ ವಿಳಾಸ ಸಾಕು. ಹೆಸರು ಬೇಕಾದದ್ದು ಮನುಷ್ಯರಿಗೆ. ಆದ್ದರಿಂದ ಎಲ್ಲ ಫಂಕ್ಷನ್‌ಗಳನ್ನೂ ಜೋಡಿಸಿ ಆದಮೇಲೆ, ಯಾವ ವಿಳಾಸದಲ್ಲಿ ಯಾವ ಹೆಸರು ಶುರುವಾಗುತ್ತದೆಂದು ಒಂದು ಪಟ್ಟಿ ಮಾಡಿ, ಆ ಪಟ್ಟಿಯನ್ನೂ ಕರ್ನಲ್ಲಿನ ಹೊಟ್ಟೆಯೊಳಗೇ ಇಡುತ್ತಾರೆ. ಸಿಂಬಲ್ ಟೇಬಲ್. ತಮಾಷೆಯೆಂದರೆ, ಪಟ್ಟಿ ಒಳಗೆ ಬಂದು ಕೂತಾಗ, ತುಂಬಿದ ಬಸ್ಸಿನ ಸೀಟಿಗೆ ಇನ್ನೊಬ್ಬರು ಬಂದ ಹಾಗೆ, ಉಳಿದವರು ಸರಿಯಬೇಕಾಗುತ್ತದೆ, ಸರಿದರೆ ವಿಳಾಸ ಬದಲಾಯಿತು, ಪಟ್ಟಿ ಸುಳ್ಳಾಯಿತು. ಮತ್ತೆ ಪಟ್ಟಿ, ಮತ್ತೆ ಜೋಡಣೆ, ಎಲ್ಲರೂ ಕೂತಲ್ಲೇ ನಿಲ್ಲುವವರೆಗೆ. ಮದುವೆಯಾಗಿ ಬಂದ ಹೊಸತರಲ್ಲಿ ಆ ಮನೆಯಲ್ಲಿ ತನಗೊಂದು ಜಾಗವಾಗಲು ಯಾರ್‍ಯಾರು ಎಷ್ಟೆಷ್ಟು ಸಲ ಸರಿದರು, ಸರಿಯುವಾಗ ಏನೇನು ಅಂದರು ಎಂದು ಅವಳಿಗೆ ಈ ಹಂತದಲ್ಲಿ ಪ್ರತಿಸಲ ನೆನಪಾಗುತ್ತಿತ್ತು. ಪಟ್ಟಿಯಲ್ಲಿ ಇನ್ನೊಂದು ವಿಚಾರವಿದೆ: ಯಾರ ಉದ್ದ ಎಷ್ಟೆಂದು ಅದರಲ್ಲಿ ಬರೆದಿರುವುದಿಲ್ಲ. ಮುಂದಿನ ಹೆಸರು ಶುರುವಾಗುವವರೆಗೂ ಹಿಂದಿನ ಹೆಸರಿನದೇ ಜಾಗ. ನಡುವೆ ಒಬ್ಬರ ಹೆಸರು ಬಿಟ್ಟುಹೋದರೆ, ಅವರ ಮನೆಯಲ್ಲಿ ಏನೇ ನಡೆದರೂ ಹಿಂದಿನ ಮನೆಯವರ ತಲೆಗೆ.

ಹೀಗೆ ಹೆಸರುಗಳನ್ನು ಪಟ್ಟಿಯಿಂದ ಬಿಡಿಸಿದ್ದು ದೊಡ್ಡೋರು. ಯಂತ್ರದಲ್ಲಿ ಜಾಗ ಸಾಲದೆಂದು, ತಂತಮ್ಮ ಫೈಲಿನ ಒಳಗೇ ಕರೆಸಿಕೊಂಡು ಹೊರಗೆ ಯಾರಿಗೂ ಕಾಣಿಸದ ಫಂಕ್ಷನ್‌ಗಳನ್ನೆಲ್ಲ ಪಟ್ಟಿಯಿಂದ ಜರಡಿ ಹಿಡಿದು ತೆಗೆಯಿರಿ ಎಂದಿದ್ದ. "ಮನೆ ಒಳಗೇ ಕೆಲಸ ಮಾಡೋರ ಹೆಸರು ಬಾಗಿಲ ಮೇಲೆ ಯಾಕೆ ಬೇಕು ಹೇಳಿ?" ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಹೆಣ್ಣಾಗಿ ಆ ಮಾತಿಗೆ ನಕ್ಕೆನಲ್ಲ ಎಂಬುದು ಅವತ್ತು ಹೊಳೆಯಲಿಲ್ಲ. ಇವತ್ತು ಅಂಕಿಯ ಮುಂದೆ ಕೂತಾಗ ಹೊಳೆಯಿತು. ಜರಡಿ ಹಿಡಿಯುವ ಮೊದಲಿನ ಪೂರ್ತಿ ಪಟ್ಟಿ ಕರ್ನಲ್ ಕಟ್ಟುವ ಕಂಪ್ಯೂಟರಿನಲ್ಲಿ ಇನ್ನೂ ಉಳಿದಿರುತ್ತದೆ. ತೆರೆದಳು. ತನ್ನ ಹೆಸರನ್ನು ಹುಡುಕಿದಳು. ಅದರ ಕೆಳಗಿನ ಸಾಲಿನಲ್ಲಿ, ಜರಡಿಯ ಕಣ್ಣಲ್ಲಿ ಉದುರಿಹೋದ ಇನ್ನೊಂದು ಹೆಸರಿತ್ತು. ಬಿದ್ದ ವಿಳಾಸ ಅದರ ನಡುಹೊಟ್ಟೆಯಲ್ಲಿತ್ತು.

ಔಷಧಿಯ ಕೊಳವೆ ಮಡಚಿಕೊಂಡಾಗ ಗಂಟೆ ಬಾರಿಸುವ ಫಂಕ್ಷನ್. ಪುಟ್ಟಿ ಬರೆದದ್ದು.

ಹೋದ ಜೀವ ಬಂದಂತಾಗಿ, ಬಂದದ್ದೇ ಮತ್ತೆ ಹೋಯಿತು. ಅವಳು ಪರದೆಯನ್ನು ಚಿಕ್ಕದು ಮಾಡಿದಳು, ಯಾರದೋ ಪತ್ರ ಓದಿದವಳಂತೆ. ಎರಡು ಮೇಜಿನಾಚೆ ಪುಟ್ಟಿ ಕಾಲು ಮಡಚಿಕೊಂಡು ಕುರ್ಚಿಯಲ್ಲಿ ಕೂತು, ಪೆನ್ಸಿಲನ್ನು ಜಡೆಗೆ ಸಿಕ್ಕಿಸಿಕೊಂಡು ಏನೋ ಬರೆಯುತ್ತಿದ್ದಳು. ಇನ್ನೂ ಕಾಯಂ ಆಗಿಲ್ಲ. ಮನೆಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದವಳು ಕಳೆದ ತಿಂಗಳಷ್ಟೇ ಒಂಟಿಯಾಗಿ ಕೋಣೆ ಹಿಡಿದಿದ್ದಳು. ಕಿಟಕಿಗೆ ಪರದೆಯ ಬಟ್ಟೆ ಆರಿಸಲು ಇವಳನ್ನೇ ಕರೆದುಕೊಂಡು ಹೋಗಿದ್ದಳು. "ನನ್ ಮನೆ ಅಕ್ಕ, ನನ್ ಒಬ್ಬಳದೇ. ಯಾರನ್ನೂ ಕೇಳ್ದೆ ಹಳದಿ ಹಾಕ್ತೀನಿ" ಎಂದು ಅಂಗಡಿಯಲ್ಲೇ ಕುಣಿದಿದ್ದಳು. ದೊಡ್ಡೋರು ಪುಟ್ಟಿಯನ್ನು ಕೈಪಿಡಿಯ ಕೋಣೆಗೂ ಕಳಿಸುವುದಿಲ್ಲ; ನೇರ ಬಾಗಿಲಾಚೆಗೆ. ಹಾಗಾದರೆ? ತಪ್ಪನ್ನು ಒಪ್ಪಿಕೊಂಡಾಗಿದೆ. ಪುಟ್ಟಿಯ ಫಂಕ್ಷನ್ ತೆರೆದು, ಎಲ್ಲಿ ಕೆಟ್ಟಿದೆಯೋ ನೋಡಿ, ಸದ್ದಿಲ್ಲದೆ ತಿದ್ದಿ, ತನ್ನ ಹೆಸರಿನ ಕೆಳಗೇ ಸೇರಿಸಿಬಿಟ್ಟರೆ ಯಂತ್ರವೂ ನೆಟ್ಟಗಾಯಿತು, ಹುಡುಗಿಯೂ ಉಳಿದಳು, ತಾನೂ ಸಂಜೆಯೊಳಗೆ ಮಾತು ಉಳಿಸಿಕೊಂಡ ಹಾಗಾಯಿತು. ಎಷ್ಟು ಸುಲಭ! ಈ ಸುಲಭದಲ್ಲಿ ಒಂದು ರುಚಿಯಿತ್ತು, ಅವಳು ಅದನ್ನು ಗುರುತು ಹಿಡಿದಳು. ಒಳ್ಳೆಯವಳಾಗುವ ರುಚಿ. ಸಕ್ಕರೆ ಡಬ್ಬಿಗೆ ಕೈ ಹಾಕಿದವರಂತೆ ಸುತ್ತ ನೋಡಿಕೊಂಡಳು.

ಆ ರುಚಿ ಮೊದಲು ನಾಲಿಗೆಗೆ ತಗುಲಿದ್ದು ಅಮ್ಮನ ಹೊಲಿಗೆ ಮಿಷನ್ನಿನ ಮುಂದೆ. ಬೊಂಬೆಗೆ ಅಂಗಿ ಹೊಲಿಯಲು ಹೋಗಿ ತಂಗಿ ದಪ್ಪ ಬಟ್ಟೆ ತುರುಕಿದ್ದಳು. ಸೂಜಿ ಮುರಿದು, ಒಳಗಿನ ಯಾವುದೋ ತುಂಡು ಸಿಕ್ಕಿಕೊಂಡು, ಚಕ್ರ ಕಲ್ಲಾಗಿತ್ತು. ಅಮ್ಮ ನಾಲ್ಕು ಮನೆಯವರ ಬಟ್ಟೆ ಹೊಲಿಯುತ್ತಿದ್ದ ಮಿಷನ್ನು. ತಂಗಿಯ ಮುಖ ಸುಣ್ಣದಂತಾದದ್ದು ನೋಡಿ, ಅಮ್ಮ ಕೇಳುವ ಮೊದಲೇ "ನಾನು ಮಾಡ್ದೆ" ಎಂದಿದ್ದಳು. ಬೆನ್ನಿಗೆ ಎರಡು ಬಿತ್ತು. ಆಮೇಲೆ ಅಮ್ಮನಿಗೇ ಏನನ್ನಿಸಿತೋ, "ಮುರಿದೋಳು ಬಾ ಇಲ್ಲಿ" ಎಂದು ಪಕ್ಕ ಕೂರಿಸಿಕೊಂಡು, ಮಿಷನ್ನಿನ ಹೊಟ್ಟೆ ಬಿಚ್ಚಿ, ಎಲ್ಲಿ ಎಣ್ಣೆ, ಎಲ್ಲಿ ಹಲ್ಲು, ಯಾವುದು ತಿರುಗಿದರೆ ಯಾವುದು ಏಳುತ್ತದೆ ಎಂದು ಇಡೀ ಮಧ್ಯಾಹ್ನ ತೋರಿಸಿದಳು. ಎಣ್ಣೆಯ ವಾಸನೆ, ಅಮ್ಮನ ಮೊಣಕೈ ತಾಗುತ್ತಿದ್ದದ್ದು, ಸಿಕ್ಕಿಕೊಂಡ ತುಂಡು ಟಿಣ್ಣೆಂದು ಈಚೆ ಬಂದು ಬಿದ್ದದ್ದು. ಯಂತ್ರದ ಒಳಗೆ ಒಂದು ಕ್ರಮವಿದೆ, ಅದನ್ನು ಮನುಷ್ಯರು ತಿಳಿಯಬಹುದು ಎಂದು ಅವಳಿಗೆ ಗೊತ್ತಾದದ್ದು ಅವತ್ತು. ಬಾಗಿಲ ಹತ್ತಿರ ತಂಗಿ ಬೊಂಬೆ ಹಿಡಿದು ನಿಂತಿದ್ದಳು. ಒಳಗೆ ಬರಲಿಲ್ಲ. ಎಷ್ಟೋ ವರ್ಷದ ಮೇಲೆ, ಯಾವುದೋ ಬೇರೆ ಮಾತಿಗೆ ಜಗಳವಾಗಿ, ತಂಗಿ ಫೋನಿನಲ್ಲಿ ಅಂದಳು: "ನೀನು ನನ್ನ ಕಾಪಾಡಿದೆ ಅಂತ ತಿಳ್ಕೊಂಡಿದೀಯ. ಮುರಿದೋಳು ನಾನು ಕಣೇ, ಕಲಿತೋಳು ನೀನು. ಅವತ್ತಿಂದ ಆ ಮನೇಲಿ ಯಾರೂ ನನ್ನ ಏನೂ ಕೇಳ್ಲಿಲ್ಲ. ಎರಡೇಟು ನಂಗೆ ಬಿದ್ದಿದ್ರೆ ಏನಾಗ್ತಿತ್ತು?" ಅವಳು ಆಗಲೂ ಕ್ಷಮಿಸು ಎಂದಿದ್ದಳು. "ಥೂ, ಮತ್ತೆ ಶುರುಮಾಡಿದೆ" ಎಂದು ತಂಗಿ ಫೋನು ಇಟ್ಟಿದ್ದಳು.

ಅವಳು ಮೊದಲು, ಸ್ವಲ್ಪ ಮುಂಚೆ ಸೇರಿಸಿದ್ದ ಆ ಸುಳ್ಳು ಸಾಲನ್ನು ಅಳಿಸಿದಳು. ಆಮೇಲೆ ಜರಡಿಯನ್ನು ತೆಗೆದು, ಒಂದು ಹೆಸರೂ ಬಿಡದೆ ಪಟ್ಟಿ ಮಾಡುವಂತೆ ಹೇಳಿ, ಕರ್ನಲ್ ಕಟ್ಟಲು ಬಿಟ್ಟಳು. ಪರದೆಯ ಮೇಲೆ ಸಾಲುಗಳು ಹರಿಯತೊಡಗಿದವು. ಜೋಡಣೆ, ಪಟ್ಟಿ, ಜೋಡಣೆ, ಪಟ್ಟಿ. ಎದ್ದು ಪುಟ್ಟಿಯ ಮೇಜಿಗೆ ಹೋದಳು. ಹೇಳುವುದನ್ನು ಹೇಗೆ ಮೆತ್ತಗೆ ಮಾಡುವುದೆಂದು ಹುಡುಕಿದಳು. ಮೆತ್ತಗಿನ ಮಾತುಗಳ ಬಗ್ಗೆ ಅವಳಿಗೆ ಇವತ್ತು ನಂಬಿಕೆ ಉಳಿದಿರಲಿಲ್ಲ.

"ಪುಟ್ಟಿ, ಯಂತ್ರ ಬಿದ್ದಿದ್ದು ನನ್ನ ಫಂಕ್ಷನ್‌ನಲ್ಲಿ ಅಲ್ಲ."

"ನಾನ್ ಹೇಳ್ಲಿಲ್ವಾ!" ಪುಟ್ಟಿ ಮೇಜು ಗುದ್ದಿದಳು. "ಯಾರದು ಹಾಗಾದ್ರೆ? ಯಾವ ಮಹಾನುಭಾವಂದು?"

"ನಿಂದು."

ಪೆನ್ಸಿಲು ಜಡೆಯಲ್ಲೇ ಇತ್ತು. ಅದನ್ನು ಮೇಜಿನ ಮೇಲೆ ಹುಡುಕುತ್ತ ಪುಟ್ಟಿಯ ಕೈ ಸುಮ್ಮನೆ ಓಡಾಡಿತು. ಮುಖ ಸುಣ್ಣದಂತಾಗಲಿಲ್ಲ. ಕೆಂಪಾಯಿತು. "ಗೊತ್ತಿದ್ದೂ ಹೇಳ್ತಿದೀರಲ್ಲ ಅಕ್ಕ. ಬೆಳಿಗ್ಗೆ ನೀವೇ ಒಪ್ಕೊಂಡಾಗಿತ್ತು. ಸುಮ್ನಿದ್ದಿದ್ರೆ ಯಾರಿಗೂ ತಿಳೀತಿರ್ಲಿಲ್ಲ. ನಿಮಗೇನು, ಗಂಡ ಇದಾರೆ, ಮನೆ ಇದೆ. ನನಗೆ ಮುಂದಿನ ತಿಂಗಳ ಬಾಡಿಗೆ..." ಮಾತು ಅಲ್ಲಿಗೇ ನಿಂತಿತು. ಕ್ಷಮಿಸು ಎಂಬ ಮಾತು ಗಂಟಲವರೆಗೆ ಬಂತು, ಅವಳು ಅದನ್ನು ಮಾತ್ರೆ ನುಂಗಿದ ಹಾಗೆ ನುಂಗಿದಳು. ನೀರಿಲ್ಲದೆ ನುಂಗಿದ ಮಾತ್ರೆ. ಎದೆಯಲ್ಲಿ ಸ್ವಲ್ಪ ಹೊತ್ತು ಒತ್ತಿತು.

"ಸುಮ್ಮನಿದ್ದು ನಾನೇ ತಿದ್ದಬಹುದಿತ್ತು. ಅದನ್ನೇ ಮಾಡೋಣ ಅಂತಲೂ ಇದ್ದೆ," ಎಂದಳು. "ಆದರೆ ನಿನ್ನ ಫಂಕ್ಷನ್ನಿನ ಒಳಹೊರಗು ನಿನಗೆ ಗೊತ್ತಿರೋ ಹಾಗೆ ನನಗೆ ಗೊತ್ತಿಲ್ಲ. ನಾನು ಎಲ್ಲೋ ಒಂದು ತೇಪೆ ಹಾಕಿ ಕಳಿಸಿದ್ರೆ, ಇನ್ನೊಂದು ಕಡೆ ಕಿತ್ಕೊಂಡ್ರೆ? ಆಸ್ಪತ್ರೇಲಿ ಮಲಗಿರೋರು ನಿನ್ನ ಕೆಲಸಾನೂ ನೋಡಲ್ಲ, ನನ್ನ ಒಳ್ಳೇತನಾನೂ ನೋಡಲ್ಲ." ತಡೆದು, "ನಿನ್ನ ಕೆಲಸ ಹೋಗದ ಹಾಗೆ ನೋಡ್ಕೊಳ್ಳೋಕೆ ನನ್ನಿಂದ ಆಗುತ್ತೋ ಇಲ್ವೋ ಗೊತ್ತಿಲ್ಲ. ಜೊತೆಗೆ ನಿಲ್ತೀನಿ. ನಿನ್ನ ಜಾಗದಲ್ಲಿ ನಿಲ್ಲಲ್ಲ, ಅಷ್ಟೆ."

ಪುಟ್ಟಿ ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕುತ್ತ, "ಎಲ್ಲಿದೆ, ತೋರ್ಸಿ" ಎಂದಳು, ಇನ್ನೂ ಮುನಿಸಿನಲ್ಲೇ.

ಪರೀಕ್ಷೆಯ ಕೋಣೆಯಲ್ಲಿ ಹೊಸ ಕರ್ನಲ್ ತುಂಬಿದ ಯಂತ್ರ ಹನಿ ಬಿಡುತ್ತಿತ್ತು; ರೋಗಿಯ ಬದಲಿಗೆ ಕೆಳಗೊಂದು ಗಾಜಿನ ಪಾತ್ರೆ. ದೊಡ್ಡೋರು ಕೈ ಹಿಂದೆ ಕಟ್ಟಿಕೊಂಡು ಬಂದು ನಿಂತ. "ಆಯ್ತಾ ಮೇಡಂ, ಸರಿಹೋಯ್ತಾ ನಿಮ್ಮದು?"

"ನನ್ನದರಲ್ಲಿ ಸರಿಮಾಡೋಕೆ ಏನೂ ಇರಲಿಲ್ಲ. ಬೆಳಿಗ್ಗೆ ನೋಡದೆ ಒಪ್ಕೊಂಡೆ. ಆ ಮಾತು ವಾಪಸ್ ತಗೋತೀನಿ."

"ಕ್ಷಮೆ ಕೇಳಿದ್ದನ್ನ ವಾಪಸ್ ತಗೊಳ್ಳೋದಾ?" ಟೆಸ್ಟಿಂಗಿನವನಿಗೆ ಇಂಥದು ಸಿಕ್ಕಿ ಎಷ್ಟು ದಿನವಾಗಿತ್ತೋ. "ಬಳಸಿದ ಮಾಲು ವಾಪಸ್ ಇಲ್ಲ ಮೇಡಂ."

ಬೇರೆ ದಿನವಾಗಿದ್ದರೆ ಅವಳೂ ನಕ್ಕು ಮಾತನ್ನು ಅಲ್ಲಿಗೇ ಕೊಡವಿಬಿಡುತ್ತಿದ್ದಳು. ಬಿದ್ದ ವಿಳಾಸ ಇದ್ದದ್ದು ಗಂಟೆ ನಿಲ್ಲಿಸುವ ಸಾಲುಗಳ ಹತ್ತಿರ. "ಕೊಳವೆ ಮಡಚಿ" ಎಂದಳು ಅವನಿಗೆ. "ಗಂಟೆ ಹೊಡೆದ ಮೇಲೆ ಬಿಟ್ಟು, ಮತ್ತೆ ಶುರು ಗುಂಡಿ ಒತ್ತಿ. ನರ್ಸು ಒತ್ತೋ ಹಾಗೆ, ಬೇಗ ಬೇಗ." ಅವನು ಮಡಚಿದ. ಗಂಟೆ ಹೊಡೆಯಿತು. ಬಿಟ್ಟು ಒತ್ತಿದ. ಯಂತ್ರ ಹನಿಯಿತು. ಏನೂ ಆಗಲಿಲ್ಲ. ಬೀಳದಿದ್ದರೆ? ಲೆಕ್ಕವೆಲ್ಲ ತಪ್ಪಾಗಿದ್ದರೆ? ತಾನು ತನ್ನನ್ನು ಉಳಿಸಿಕೊಳ್ಳಲು ಹುಡುಗಿಯ ತಲೆಗೆ ಕಟ್ಟಿದ ಹಾಗಾಯಿತಲ್ಲ. ಬಾಯಿಯ ಅಂಚು ಆ ಹಳೆಯ ನಗುವಿಗೆ ತಯಾರಾಗುತ್ತಿದ್ದದ್ದು ಅವಳಿಗೆ ಗೊತ್ತಾಯಿತು. "ಇನ್ನೊಂದ್ ಸಲ" ಎಂದಳು. ಮಡಚಿದ, ಬಿಟ್ಟ, ಒತ್ತಿದ. "ಇನ್ನೂ ಬೇಗ." ಮಡಚಿದ, ಬಿಟ್ಟ, ಒತ್ತಿದ. ಹನಿ ನಿಂತಿತು. ಪರದೆಯ ಮೇಲೆ ಸಾಲುಗಳು ಉರುಳಿ ಬಿದ್ದವು. ಎಲ್ಲಕ್ಕಿಂತ ಮೇಲೆ ಹೊಸ ಹೆಸರು, ಅದರ ಮುಂದೆ ಅದಕ್ಕೆ ಒಪ್ಪುವ ಅಂಕಿ.

ಟೆಸ್ಟಿಂಗಿನವನು ಬಗ್ಗಿ ಓದಿದ. "ಓಹೋ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ವಾ ನಾವು?"

"ಯಾರದಿದು?" ಎಂದ ದೊಡ್ಡೋರು.

ಅವಳು ಬಾಯಿ ತೆರೆಯಲಿಲ್ಲ. ಬಹುಶಃ ಇಡೀ ದಿನದಲ್ಲಿ ಅವಳು ಮಾಡಿದ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ. "ನಂದು" ಎಂದಳು ಪುಟ್ಟಿ, ಬಾಗಿಲಿಲ್ಲದ ಕಡೆಯೂ ತಲೆ ತಗ್ಗಿಸಿದ್ದವಳು ತಲೆಯೆತ್ತಿ. "ಗಂಟೆ ನಿಲ್ಲಿಸುವಾಗ ಮೆಮೊರಿಯಲ್ಲಿ ಹಿಡಿದಿದ್ದ ನನ್ನ ಜಾಗ ಬಿಟ್ಟುಕೊಡ್ತೀನಿ, ಗುಂಡಿ ಬೇಗ ಒತ್ತಿದ್ರೆ ಬಿಟ್ಟುಕೊಟ್ಟ ಜಾಗಾನೇ ಮತ್ತೆ ಮುಟ್ತೀನಿ. ಇಲ್ಲಿ ನಿಂತು ನೋಡ್ತಾ ಇದ್ದಾಗ ಗೊತ್ತಾಯ್ತು."

ದೊಡ್ಡೋರು ಅವಳನ್ನೂ ಪುಟ್ಟಿಯನ್ನೂ ನೋಡಿ, ಯಾರಿಗೆ ಮೆತ್ತಗಿನ ಮಾತು ಹೇಳಬೇಕೆಂದು ತಿಳಿಯದೆ, ಪಟ್ಟಿಯ ಕಡೆ ತಿರುಗಿದ. "ಅಲ್ಲ, ಈ ಹೆಸರು ಎಲ್ಲಿಂದ ಬಂತು? ಇಂಥವನ್ನೆಲ್ಲ ತೆಗೀರಿ ಅಂದಿದ್ದೆನಲ್ಲ."

"ತೆಗೆದಿದ್ದಕ್ಕೇ ಇಡೀ ದಿನ ತಪ್ಪು ಮನೆ ಬಾಗಿಲು ಬಡಿದ್ವಿ," ಎಂದಳು ಅವಳು. "ಎಲ್ಲಾ ಹೆಸರೂ ಇರ್ಬೇಕು."

"ಜಾಗ ಎಲ್ಲಿದೆ ಮೇಡಂ?"

"ಯಂತ್ರ ಆನ್ ಮಾಡಿದಾಗ ಮೊದಲು ಪರದೆ ಮೇಲೆ ಬರೋ ನಮ್ಮ ಕಂಪನಿ ಚಿತ್ರ ಇದೆಯಲ್ಲ, ಮೂರು ಬಣ್ಣದ್ದು, ಕುಣಿಯೋದು. ಅದನ್ನ ತೆಗೆದ್ರೆ ಆಯ್ತು." ಟೆಸ್ಟಿಂಗಿನವನು ಕೆಮ್ಮಿದಂತೆ ಮಾಡಿ ನಕ್ಕ. ದೊಡ್ಡೋರು ಕೈಯನ್ನು ಹಿಂದಿನಿಂದ ಮುಂದಕ್ಕೆ ತಂದ. ಮುಂದೆ ತಂದ ಕೈಯನ್ನು ಏನು ಮಾಡಬೇಕೆಂದು ಅವನಿಗೂ ತಿಳಿದಂತಿರಲಿಲ್ಲ. "ನೋಡೋಣ" ಎಂದ. ಕೈಪಿಡಿಯ ಮಾತು ಎತ್ತಲಿಲ್ಲ. ಪುಟ್ಟಿಗೆ, "ಎಷ್ಟು ಹೊತ್ತು ಬೇಕು?" ಎಂದು ಮಾತ್ರ ಕೇಳಿದ. ಆ ಕೇಳುವಿಕೆಯಲ್ಲಿ ಹುಡುಗಿಯನ್ನು ಉಳಿಸಿಕೊಳ್ಳುವ ಮನಸ್ಸಿತ್ತೋ ಇಲ್ಲವೋ ತಿಳಿಯಲಿಲ್ಲ; ಆದರೆ ಕೇಳಿದ್ದು ಹುಡುಗಿಯನ್ನೇ, ಅವಳ ಕೆಲಸದ ಬಗ್ಗೆ.

"ಮಾಡಿ ಹೇಳ್ತೀನಿ" ಎಂದಳು ಪುಟ್ಟಿ.

ಯಂತ್ರದ ಮುಂದೆ ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ಅವಳು ಕೂತಿದ್ದಳು. ಅವಳ ಕೈ ಆಗಲೇ ಕೀಲಿಮಣೆಯ ಮೇಲೆ ಹೋಗಿತ್ತು. ತಪ್ಪು ಎಲ್ಲಿದೆಯೆಂದು ಅವಳಿಗೂ ಕಾಣುತ್ತಿತ್ತು, ಎರಡೇ ಸಾಲು. ಪುಟ್ಟಿ ಪಕ್ಕಕ್ಕೆ ಬಂದು ನಿಂತಳು. ಜಡೆಯಿಂದ ಪೆನ್ಸಿಲು ಎಳೆದುಕೊಂಡಳು.

"ಸ್ವಲ್ಪ ಏಳಿ ಅಕ್ಕ."

ಅವಳು ಎದ್ದಳು. ಕಿಟಕಿಯಲ್ಲಿ ಸಂಜೆಗೆ ಇನ್ನೂ ಹೊತ್ತಿತ್ತು. ಕೈಗಳಿಗೆ ಮಾಡಲು ಏನೂ ಇಲ್ಲದೆ, ಗೋಡೆಗೆ ಒರಗಿ, ಆ ಉದ್ದ ಬೆನ್ನು ಪರದೆಯ ಕಡೆಗೆ ಬಾಗುವುದನ್ನು ನೋಡುತ್ತ ನಿಂತಳು.